ಮಿಂಚುಳ್ಳಿ ಗಾಳಿಯಲ್ಲಿ ನಿಂತಾಗ ಒಂದೂ ಶಾರ್ಪ್ ಬರ್ತಿಲ್ಲ, ಎಲ್ಲಿ ತಪ್ಪಾಗ್ತಿದೆ?

ಕೆರೆಏರಿ
ಎಲ್ಲರಿಗೂ ನಮಸ್ಕಾರ. ಮೂರು ಫೋಟೊ ಹಾಕಿದ್ದೀನಿ. ಮೂರೂ ಕಪ್ಪು-ಬಿಳಿ ಮಿಂಚುಳ್ಳಿ, ಕೆರೆ ಮೇಲೆ ರೆಕ್ಕೆ ಬಡೀತಾ ಒಂದೇ ಕಡೆ ನಿಂತಿರೋದು. ಕೂತಿರೋ ಹಕ್ಕಿ ಪರವಾಗಿಲ್ಲ ಅನ್ನೋ ಹಾಗೆ ಬರುತ್ತೆ, ಇದು ಮಾತ್ರ ಕಣ್ಣೂ ಮೆತ್ತಗೆ, ಗರಿಯೂ ಮೆತ್ತಗೆ.

ಕ್ಯಾಮೆರಾ 24 ಮೆಗಾಪಿಕ್ಸೆಲ್ ಕ್ರಾಪ್ (ಚಿಕ್ಕ ಅಳತೆಯ) ಸೆನ್ಸರ್ ಡಿಎಸ್‌ಎಲ್‌ಆರ್, ಲೆನ್ಸ್ 150-600. ಅಪರ್ಚರ್ ಪ್ರಯಾರಿಟಿ (ಶಟರ್ ವೇಗ ಕ್ಯಾಮೆರಾನೇ ಆರಿಸೋದು), 600 ಎಂಎಂ, ಎಫ್ 6.3 (ಲೆನ್ಸ್ ಕಿಂಡಿಯ ಅಳತೆ), ಶಟರ್ 1/800 ಸೆಕೆಂಡ್, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 200. ಸಮಯ ಬೆಳಿಗ್ಗೆ 11, ದೂರ ಅಂದಾಜು 40 ಮೀಟರ್. ಫೋಕಸ್ ಪಾಯಿಂಟ್ ಎಲ್ಲಾ ಆಟೊ. ಲೆನ್ಸ್ ಮುಂದೆ ಯುವಿ ಫಿಲ್ಟರ್ ಇದೆ. ಕೈಯಲ್ಲೇ ಹಿಡಿದು ತೆಗೆದದ್ದು. ಒಂದನೇದು ಗಂಡು, ಇನ್ನೆರಡು ಹೆಣ್ಣು ಅಂದ್ಕೊಂಡಿದ್ದೀನಿ. ಪೂರ್ತಿ ಫ್ರೇಮ್ ಮತ್ತು ಕ್ರಾಪ್ (ಹಕ್ಕಿ ಇರೋ ಭಾಗ ಮಾತ್ರ ಕತ್ತರಿಸಿದ್ದು) ಎರಡೂ ಹಾಕಿದ್ದೀನಿ. ಲೆನ್ಸ್ ಬದಲಾಯಿಸಬೇಕಾ, ಕೈ ಪಳಗಬೇಕಾ?

ಹೊಂಗೆನೆರಳು
ಸೂಪರ್ ಸಾರ್!! ಒಳ್ಳೆ ಕ್ಯಾಪ್ಚರ್ 👌

ಟಿಟ್ಟಿಭ
ಅವರು ಕೇಳಿದ್ದು ತಪ್ಪೆಲ್ಲಿ ಅಂತ, ಸಾರ್. ಸೂಪರ್ ಅಂದರೆ ಅವರು ನಾಳೆಯೂ ಅದೇ 1/800ರಲ್ಲೇ ತೆಗೀತಾರೆ.

ಕೆರೆಏರಿಯವರೇ, ಪೂರ್ತಿ ಫ್ರೇಮ್ ಹಾಕಿದ್ದು, ಸೆಟ್ಟಿಂಗ್ ಬರೆದದ್ದು ತುಂಬಾ ಒಳ್ಳೇದಾಯ್ತು. ನಿಮ್ಮ ಮೂರು ಫೋಟೊಗೂ ಮೂರು ಬೇರೆ ಬೇರೆ ಕಾಯಿಲೆ. ಒಂದೇ ಔಷಧಿ ಹುಡುಕಿದರೆ ಸಿಗಲ್ಲ.

ನೋಡೋ ಕ್ರಮ ಹೀಗೆ. ಫೋಟೊವನ್ನ 100%ಗೆ ಹಿಗ್ಗಿಸಿ ಕಣ್ಣಲ್ಲಿರೋ ಬಿಸಿಲಿನ ಚುಕ್ಕೆ ಹುಡುಕಿ. ಎರಡನೇ ಫೋಟೊದಲ್ಲಿ ಆ ಚುಕ್ಕೆ ಚುಕ್ಕೆಯಾಗಿಲ್ಲ, ಓರೆಯಾಗಿ ಎಳೆದ ಗೀಟಾಗಿದೆ. ಕೊಕ್ಕಿನ ಅಂಚೂ ಅದೇ ದಿಕ್ಕಿಗೆ ಎರಡೆರಡಾಗಿ ಕಾಣುತ್ತೆ. ಅದು ಶಟರ್ ತೆರೆದಿರುವಾಗ ಕ್ಯಾಮೆರಾನೋ ಹಕ್ಕಿಯೋ ಸರಿದಿರೋದು, ಅಂದರೆ ಶಟರ್ ವೇಗ ಸಾಲದು. ಒಂದನೇದರಲ್ಲಿ ಚುಕ್ಕೆ ದುಂಡಗೇ ಇದೆ, ಆದರೆ ಊದಿದೆ. ಹಿಂದಿನ ನೀರಿನ ಅಲೆಗಳು ಮಾತ್ರ ಗೆರೆಗೆರೆಯಾಗಿ ಸ್ಪಷ್ಟ. ಫೋಕಸ್ ಹಕ್ಕಿ ಬಿಟ್ಟು ಅಲೆಗೆ ಹೋಗಿದೆ. ಮೂರನೇದರಲ್ಲಿ ಕೊಕ್ಕಿನ ಅಂಚು ಗರಗಸದ ಹಲ್ಲಿನ ಹಾಗೆ ಅಂಕುಡೊಂಕು, ಚುಕ್ಕೆ ಒಡೆದು ಹೋಗಿದೆ. ಅದು ಬಿಸಿಲ ಝಳ. ಅದಕ್ಕೆ ಲೆನ್ಸೂ ಹೊಣೆಯಲ್ಲ, ನೀವೂ ಅಲ್ಲ, 11 ಗಂಟೆ ಹೊಣೆ.

ಹಾಲಕ್ಕಿ
ಮೊದಲು ಆ ಯುವಿ ಫಿಲ್ಟರ್ ಬಿಚ್ಚಿ ಪಕ್ಕಕ್ಕಿಡಿ. 95 ಎಂಎಂ ಅಗಲದ ಅಗ್ಗದ ಗಾಜು ಪೂರ್ತಿ ಸಮತಟ್ಟಾಗಿರೋದು ಅಪರೂಪ. 50 ಎಂಎಂ ಲೆನ್ಸ್‌ನಲ್ಲಿ ಕಾಣದ ಡೊಂಕು 600ರಲ್ಲಿ ದೊಡ್ಡದಾಗಿ ಕಾಣುತ್ತೆ. ಲೆನ್ಸ್ ಕಾಪಾಡೋಕೆ ಹುಡ್ (ಮುಂದೆ ಸಿಕ್ಕಿಸೋ ಕೊಳವೆ) ಸಾಕು.

ಕಾಜಾಣ_77
ಫಿಲ್ಟರ್ ಮೇಲೆ ಎಲ್ಲಾ ಹೊರಿಸಬೇಡಿ. ಒಳ್ಳೆ ಫಿಲ್ಟರ್‌ಗಳೂ ಇವೆ. ಹಾಕಿ ಹತ್ತು, ತೆಗೆದು ಹತ್ತು, ಒಂದೇ ಗೋಡೆ ಬರಹಕ್ಕೆ ಹೊಡೆದು ಹೋಲಿಸಿ ನೋಡಲಿ, ಆಮೇಲೆ ತೀರ್ಮಾನ.

ಹಾಲಕ್ಕಿ
ಹೋಲಿಸಿ ನೋಡಲಿ, ಬೇಡ ಅಂದಿಲ್ಲ. ಬೆಳಿಗ್ಗೆ ಹೋಲಿಸಲಿ, ಮಧ್ಯಾಹ್ನ ಅಲ್ಲ. ಇಲ್ಲದಿದ್ದರೆ ಝಳದ ತಪ್ಪು ಫಿಲ್ಟರ್ ತಲೆಗೆ ಬರುತ್ತೆ.

ಸಾಧನಕೇರಿ_ದಂಡಿ
ಝಳದ ಮಾತು ಖರೇ ಐತಿ. ನೀರಿನ ಮ್ಯಾಲ, ಡಾಂಬರ್ ರಸ್ತೆ ಮ್ಯಾಲ, ಉತ್ತ ಹೊಲದ ಮ್ಯಾಲ ಬಿಸಿ ಗಾಳಿ ತಣ್ಣನ್ ಗಾಳಿ ಕಲಸಿಕೊಂಡು ಕುದಿಯೂ ನೀರಿನಂಗ ಅಲುಗಾಡತೈತಿ. ಬೆಳಕು ಅದರಾಗ ಹಾದು ಬರೂವಾಗ ಡೊಂಕಾಗತೈತಿ. ದೂರ ಹೆಚ್ಚಾದಷ್ಟೂ ಡೊಂಕು ಹೆಚ್ಚು. ಮಾಗಡಿ ಕೆರಿಗೆ ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ಬರ್ತಾವಲ್ಲ, ನಡುಹಗಲಿನಾಗ 150 ಮೀಟರ್ ದೂರದ ಬಾತಿಗೆ ಹತ್ತು ಲಕ್ಷದ ಲೆನ್ಸ್ ಹಿಡಿದರೂ ಅಷ್ಟ, ಐವತ್ತು ಸಾವಿರದ್ದು ಹಿಡಿದರೂ ಅಷ್ಟ.

ಇನ್ನ ದೂರದ ಲೆಕ್ಕ ಮಾಡ್ರಿ. ಈ ಮಿಂಚುಳ್ಳಿ ಉದ್ದ ಅಂದಾಜು 28 ಸೆಂ.ಮೀ. 600 ಎಂಎಂ ಲೆನ್ಸ್, 40 ಮೀಟರ್ ದೂರ. ಸೆನ್ಸರ್ ಮ್ಯಾಲ ಹಕ್ಕಿ ಬೀಳೂದು 4.2 ಮಿ.ಮೀ. ನಿಮ್ಮ ಸೆನ್ಸರ್ ಅಗಲ 23.5 ಮಿ.ಮೀ, ಅದರಾಗ 6000 ಪಿಕ್ಸೆಲ್. ಅಂದ್ರ ಇಡೀ ಹಕ್ಕಿಗೆ ಸುಮಾರು 1070 ಪಿಕ್ಸೆಲ್ ಸಿಕ್ತು. ತಲಿ ಒಂದಕ್ಕ ಎಷ್ಟು ಉಳೀತು ಹೇಳ್ರಿ? ಅದ ಹಕ್ಕಿ 20 ಮೀಟರಿಗೆ ಬಂದ್ರ 2140 ಪಿಕ್ಸೆಲ್. ದೂರ ಅರ್ಧ ಮಾಡೂದು ಅಂದ್ರ 1200 ಎಂಎಂ ಲೆನ್ಸ್ ಕೊಂಡಂಗ, ರೊಕ್ಕ ಇಲ್ಲದ.

ಕುಶಾಲನಗರ_ನೋಟ
ಮಾಗಡಿ ಅಂದರೆ ಬೆಂಗಳೂರು ಪಕ್ಕದ ಮಾಗಡಿನಾ?

ಸಾಧನಕೇರಿ_ದಂಡಿ
ಅಲ್ರಿ, ಗದಗ ಜಿಲ್ಲಾದ್ದು, ಶಿರಹಟ್ಟಿ ಕಡೆ. 2024ರಾಗ ಅಂಕಸಮುದ್ರ, ಅಘನಾಶಿನಿ ಜೋಡಿ ಅದೂ ರಾಮ್ಸಾರ್ ಪಟ್ಟಿಗೆ (ಜಗತ್ತಿನ ಮುಖ್ಯ ಕೆರಿ, ಜೌಗು ಜಾಗಗಳ ಪಟ್ಟಿ) ಸೇರೇತಿ.

ಗದ್ದೆಬದು
ಹತ್ತಿರ ಹೋಗಿ ಅಂತ ಹೇಳೋದು ಸುಲಭ, ಹೇಗೆ ಅನ್ನೋದೂ ಹೇಳಬೇಕಲ್ಲ. ಮಿಂಚುಳ್ಳಿ ವಿಷಯದಲ್ಲಿ ಅಟ್ಟಿಸಿಕೊಂಡು ಹೋದಷ್ಟೂ ಅದು ದೂರ ಹೋಗುತ್ತೆ. ಅದು ಮತ್ತೆ ಮತ್ತೆ ಬಂದು ಕೂರೋ ಕೊಂಬೆಯೋ, ಕಂಬವೋ, ತೂಬಿನ ಕಲ್ಲೋ ಇರುತ್ತೆ. ಕೆಳಗೆ ಬಿಳಿ ಹಿಕ್ಕೆ ಬಿದ್ದಿರೋದು ನೋಡಿ ಗುರುತು ಹಿಡೀರಿ. ಹಕ್ಕಿ ಇಲ್ಲದಾಗ ಹೋಗಿ 20 ಮೀಟರ್ ದೂರದಲ್ಲಿ ಕೂತುಬಿಡಿ. ನಿಲ್ಲಬೇಡಿ, ಕೂರಿ. ಮಣ್ಣಿನ ಬಣ್ಣದ ಬಟ್ಟೆ. ಹಕ್ಕಿ ಗರಿ ತೀಡಿಕೊಳ್ತಾ ಇದ್ದರೆ ನಿಶ್ಚಿಂತೆಯಾಗಿದೆ ಅಂತ. ಗರಿ ತೀಡೋದು ನಿಲ್ಲಿಸಿ, ಕತ್ತು ಚಾಚಿ ನಿಮ್ಮನ್ನೇ ನೋಡಿದರೆ ನೀವು ಅಲ್ಲಾಡೋದು ನಿಲ್ಲಿಸಿ. ಹಿಕ್ಕೆ ಹಾಕಿ ಮುಂದಕ್ಕೆ ಬಾಗಿತು ಅಂದರೆ ಹಾರೋಕೆ ತಯಾರು, ಬೆರಳು ಶಟರ್ ಮೇಲಿರಲಿ.

ಇನ್ನೊಂದು ಮುಖ್ಯ ವಿಷಯ ಯಾರೂ ಹೇಳಿಲ್ಲ: ಗಾಳಿ. ಈ ಹಕ್ಕಿ ಗಾಳಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತೆ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸ್ತಿದ್ದರೆ ಹಕ್ಕಿ ಮುಖ ನಿಮ್ಮ ಕಡೆ. ಗಾಳಿ ನಿಮ್ಮ ಮುಖಕ್ಕೆ ಹೊಡೀತಿದ್ದರೆ ದಿನವಿಡೀ ಬಾಲವೇ ಸಿಗೋದು. ನಿಮ್ಮ ಮೂರನೇ ಫೋಟೊದಲ್ಲಿ ಆಗಿರೋದು ಅದೇ. ನಮ್ಮ ಕಡೆ ಚಳಿಗಾಲದಲ್ಲಿ ಗಾಳಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ. ಆಗ ಬೆಳಿಗ್ಗೆ ಕೆರೆಯ ಪೂರ್ವದ ದಡದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂತರೆ ಬಿಸಿಲೂ ಬೆನ್ನಿಗೆ, ಗಾಳಿಯೂ ಬೆನ್ನಿಗೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ. ಆಗ ಮೋಡ ಬಿಟ್ಟ ಸಂಜೆ ಪಶ್ಚಿಮದ ದಡ.

ಕೆರೆಏರಿ
ಗಾಳಿ ವಿಷಯ ಗೊತ್ತೇ ಇರಲಿಲ್ಲ! ಏರಿ ಮೇಲೆ ನಿಲ್ಲೋಕೆ ಅನುಕೂಲ ಅಂತ ಅಲ್ಲೇ ನಿಲ್ತಿದ್ದೆ. ಶಟರ್ ಎಷ್ಟಿಡಬೇಕು? ಐಎಸ್‌ಒ ಏರಿಸಿದರೆ ನಾಯ್ಸ್ (ಕಾಳುಕಾಳು) ಬರಲ್ವಾ?

ಟಿಟ್ಟಿಭ
ರೆಕ್ಕೆ ಬಡಿಯುತ್ತಾ ನಿಂತಾಗ 1/2000 ಇಟ್ಟರೆ ತಲೆ, ಮೈ ಶಾರ್ಪ್, ರೆಕ್ಕೆ ತುದಿ ಸ್ವಲ್ಪ ಅಲುಗಿರುತ್ತೆ. ರೆಕ್ಕೆಯೂ ನಿಲ್ಲಬೇಕು ಅಂದರೆ 1/3200. ನಾಯ್ಸ್ ಬಂದರೆ ಆಮೇಲೆ ತೆಗೀಬಹುದು, ಅಲುಗಿದ ಗರಿಯನ್ನ ಯಾವ ಸಾಫ್ಟ್‌ವೇರೂ ಸರಿ ಮಾಡಲ್ಲ. ನಿಮ್ಮ ಕ್ಯಾಮೆರಾದಲ್ಲಿ ಐಎಸ್‌ಒ 1600ರವರೆಗೆ ಭಯವೇ ಬೇಡ.

ಕಾಜಾಣ_77
ರೆಕ್ಕೆ ಪೂರ್ತಿ ನಿಲ್ಲಿಸಿದರೆ ಹಕ್ಕಿಯನ್ನ ದಾರ ಕಟ್ಟಿ ನೇತುಹಾಕಿದ ಹಾಗೆ ಕಾಣುತ್ತೆ. 1/1600ರಲ್ಲಿ ರೆಕ್ಕೆ ತುದಿ ತುಸು ಅಲುಗಿದರೆ ಜೀವ ಇರುತ್ತೆ. ಎಲ್ಲಾರೂ 1/4000 ಅಂತ ಓಡೋದು ನನಗೆ ಹಿಡಿಸಲ್ಲ.

ಟಿಟ್ಟಿಭ
ಒಪ್ತೀನಿ, ಆದರೆ ಕಣ್ಣು ಶಾರ್ಪ್ ಬಂದ ಮೇಲೆ ಆ ಮಾತು. ಈಗ ಅವರಿಗೆ ಬೇಕಿರೋದು ತಪ್ಪು ಎಲ್ಲಿ ಅಂತ ಬೇರ್ಪಡಿಸೋದು. 1/3200ರಲ್ಲಿ ತೆಗೆದೂ ಮೆತ್ತಗಿದ್ದರೆ ಶಟರ್ ಕಾರಣ ಅಲ್ಲ ಅಂತ ಖಾತ್ರಿಯಾಗುತ್ತೆ. ಅದಕ್ಕಾದರೂ ಅಲ್ಲಿಂದ ಶುರು ಮಾಡಲಿ.

ಬೆಳ್ಳಕ್ಕಿ_ಸಾಲು
ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ಬಿಡೋದು ಅನ್ನೋದರ ಬಗ್ಗೆ ಯಾರೂ ಮಾತಾಡ್ತಿಲ್ಲ. ಎರಡನೇ ಫೋಟೊದಲ್ಲಿ ಎದೆಯ ಬಿಳಿ ಸುಟ್ಟುಹೋಗಿದೆ, ಗರಿಯ ಗೆರೆ ಒಂದೂ ಇಲ್ಲ. ಕಾರಣ ಸರಳ: ಹಿಂದೆ ಕಪ್ಪು ನೀರು, ಕ್ಯಾಮೆರಾ ಅದನ್ನ ಬೂದು ಮಾಡೋಕೆ ಹೋಗಿ ಬೆಳಕು ಜಾಸ್ತಿ ಬಿಟ್ಟಿದೆ. ಅದೇ ಹಕ್ಕಿ ಒಂದು ಆಳು ಮೇಲೇರಿ ಆಕಾಶಕ್ಕೆ ಬಂದರೆ ಕ್ಯಾಮೆರಾ ಉಲ್ಟಾ ಹೊಡೆದು ಹಕ್ಕಿಯನ್ನ ಕಪ್ಪು ಮಾಡುತ್ತೆ. ಹಕ್ಕಿ ಮೇಲೆ ಬೀಳೋ ಬಿಸಿಲು ಮಾತ್ರ ಎರಡೂ ಕಡೆ ಅಷ್ಟೇ!

ಹಾಗಾಗಿ ನೇರ ಬಿಸಿಲಿನಲ್ಲಿ ಪೂರ್ತಿ ಮ್ಯಾನ್ಯುಯಲ್. ಹಳೇ ಫಿಲ್ಮ್ ಕಾಲದ ಲೆಕ್ಕ ಈಗಲೂ ಸರಿ: ಚೆನ್ನಾಗಿ ಬಿಸಿಲಿದ್ದಾಗ ಎಫ್ 16ಕ್ಕೆ ಶಟರ್ ಅಂದರೆ 1/ಐಎಸ್‌ಒ, ಐಎಸ್‌ಒ 400 ಇದ್ದರೆ 1/400. ಅದನ್ನ ಎಫ್ 6.3ಕ್ಕೆ ಇಳಿಸಿದರೆ ಐಎಸ್‌ಒ 400ಕ್ಕೆ 1/2500. ಬಿಳಿ ಇರೋ ಹಕ್ಕಿ ಆದ್ದರಿಂದ ಬೆಳಕು ಇನ್ನೊಂದು ಹೆಜ್ಜೆ ಕಡಿಮೆ, 1/3200. ನೀವು ಐಎಸ್‌ಒ 200ಕ್ಕೆ 1/800 ಕೊಟ್ಟಿದ್ದೀರಿ, ಅದೇ ಲೆಕ್ಕದಲ್ಲಿ 1/1250 ಇರಬೇಕಿತ್ತು. ಬೆಳಿಗ್ಗೆ 7-8ರ ಬಿಸಿಲು ಇನ್ನೂ ಎಳೆಯದು, ಆಗ ಐಎಸ್‌ಒ 800. ಒಂದು ಬೆಳ್ಳಕ್ಕಿಗೆ ಗುರಿಯಿಟ್ಟು ತೆಗೆದು ಪರದೆಯಲ್ಲಿ ಹೈಲೈಟ್ (ಸುಟ್ಟ ಬಿಳಿ ಭಾಗ) ಮಿನುಗುತ್ತಾ ನೋಡಿ. ಮಿನುಗಿದರೆ ಐಎಸ್‌ಒ ಒಂದು ಹೆಜ್ಜೆ ಇಳಿಸಿ. ಆಮೇಲೆ ಅರ್ಧ ಗಂಟೆ ಆ ಚಕ್ರ ಮುಟ್ಟಲೇಬೇಡಿ.

ಕೂರ್ಗಡೆ_ಕಾಫಿ
ಮೋಡ ಬಂದು ಹೋಗ್ತಿದ್ದರೆ ಈ ಲೆಕ್ಕ ಕೈಕೊಡುತ್ತೆ. ಕಾಡಿನೊಳಗೆ ಅಂತೂ ಆಗಲ್ಲ, ಹತ್ತು ಹೆಜ್ಜೆಗೊಂದು ಬೆಳಕು. ಮ್ಯಾನ್ಯುಯಲ್‌ನಲ್ಲಿ ಶಟರ್, ಅಪರ್ಚರ್ ಕಟ್ಟಿ, ಐಎಸ್‌ಒ ಆಟೊ ಬಿಡಿ, ಎಕ್ಸ್‌ಪೋಷರ್ ಕಾಂಪೆನ್ಸೇಷನ್‌ನಲ್ಲಿ (ಬೆಳಕು ಹೆಚ್ಚು-ಕಡಿಮೆ ಮಾಡೋ ಸೆಟ್ಟಿಂಗ್) ತಿದ್ದಿ. ಕಪ್ಪು ನೀರಿನ ಮುಂದೆ ಬಿಳಿ ಹಕ್ಕಿ ಅಂದರೆ ಮೈನಸ್ 0.7ರಿಂದ 1. ಬಿಳಿ ಆಕಾಶದ ಮುಂದೆ ಕಾಜಾಣ ಅಂದರೆ ಪ್ಲಸ್ 1.3, ಕೆಲವು ಸಲ 1.7.

ಬೆಳ್ಳಕ್ಕಿ_ಸಾಲು
ಕಾಡಿಗೆ ಸರಿ. ಬಯಲು ಕೆರೆಯಲ್ಲಿ, ನೀರಿಂದ ಆಕಾಶಕ್ಕೆ ಒಂದು ಸೆಕೆಂಡಿನಲ್ಲಿ ಹೋಗೋ ಹಕ್ಕಿಗೆ ಆಟೊ ಐಎಸ್‌ಒ ಬೇಡ. ನಿಮ್ಮ ಹೆಬ್ಬೆರಳು ಆ ವೇಗಕ್ಕೆ ಮೈನಸ್‌ನಿಂದ ಪ್ಲಸ್‌ಗೆ ತಿರುಗಲ್ಲ.

ಹಾಲಕ್ಕಿ
ಇಬ್ಬರೂ ಸರಿ, ಜಗಳ ಬೇಡ. ಫೋಕಸ್ ಬಗ್ಗೆ ಹೇಳ್ತೀನಿ. ಎಲ್ಲಾ ಪಾಯಿಂಟ್ ಆಟೊ ಬಿಟ್ಟರೆ ಡಿಎಸ್‌ಎಲ್‌ಆರ್ ಹತ್ತಿರದ್ದೋ, ಹೆಚ್ಚು ಹೊಳೆಯೋದೋ ಹಿಡಿಯುತ್ತೆ. ಬಿಸಿಲಿಗೆ ಮಿನುಗೋ ಅಲೆಗಿಂತ ಹೊಳೆಯೋದು ಇನ್ನೇನಿದೆ? ನಿರಂತರ ಫೋಕಸ್ ಹಾಕಿ, ಅಂದರೆ ನೈಕಾನ್‌ನಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಎಐ ಸರ್ವೊ. ನಡುವಿನ ಒಂದು ಪಾಯಿಂಟ್ ಮತ್ತು ಸುತ್ತಲಿನ ಸಣ್ಣ ಗುಂಪು ಇಟ್ಟುಕೊಳ್ಳಿ. ಲೆನ್ಸ್ ಮೇಲೆ ಫೋಕಸ್ ಲಿಮಿಟರ್ ಸ್ವಿಚ್ ಇದ್ದರೆ 10 ಮೀಟರಿನಿಂದ ಆಚೆಗೆ ತಳ್ಳಿ, ಹತ್ತಿರ-ದೂರ ತಡಕಾಡೋದು ತಪ್ಪುತ್ತೆ. ಫೋಕಸನ್ನ ಕ್ಯಾಮೆರಾ ಬೆನ್ನ ಮೇಲಿರೋ ಹಿಂದಿನ ಬಟನ್‌ಗೆ ಬದಲಾಯಿಸಿ. ಹಕ್ಕಿ ಫ್ರೇಮಿಂದ ತಪ್ಪಿಸಿಕೊಂಡ ಕೂಡಲೇ ಹೆಬ್ಬೆರಳು ಎತ್ತಿದರೆ ಫೋಕಸ್ ಅಲ್ಲೇ ಉಳಿಯುತ್ತೆ, ಅಲೆಗೆ ಓಡಿಹೋಗಲ್ಲ.

40 ಮೀಟರ್ ದೂರದಲ್ಲಿ ಎಫ್ 6.3ಕ್ಕೆ ನಿಮಗೆ ಒಂದು ಮೀಟರಿಗಿಂತ ಹೆಚ್ಚು ಆಳ (ಹಿಂದೆ-ಮುಂದೆ ಶಾರ್ಪಾಗಿ ಕಾಣೋ ಜಾಗ) ಸಿಗುತ್ತೆ. ಅಂದರೆ ಸಣ್ಣಪುಟ್ಟ ಫೋಕಸ್ ತಪ್ಪು ಅಲ್ಲಿ ಕಾಣಲ್ಲ, ಅಷ್ಟು ಮೆತ್ತಗಿದೆ ಅಂದರೆ ಫೋಕಸ್ ಮೀಟರುಗಟ್ಟಲೆ ಹಿಂದೆ ಹೋಗಿದೆ. ಅದೇ 5 ಮೀಟರಿಗೆ ಬಂದ ಹಕ್ಕಿಗೆ ಆಳ ಬರೀ ಒಂದೂವರೆ ಸೆಂ.ಮೀ ಆಸುಪಾಸು. ಅಲ್ಲಿ ಕಣ್ಣು ಶಾರ್ಪ್, ಭುಜ ಮೆತ್ತಗೆ. ಅದಕ್ಕೇ ಹತ್ತಿರದ ಹಕ್ಕಿಗೆ ಎಫ್ 8, ಎಫ್ 9 ಹಾಕೋದು.

ಮಿರರ್‌ಲೆಸ್_ಮೈಸೂರು
ಹಕ್ಕಿ ಕಣ್ಣು ಗುರುತಿಸೋ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ತಗೊಂಡರೆ ಈ ತಲೆನೋವೇ ಇಲ್ಲ.

ಕಾಜಾಣ_77
ಅವರು ಕೇಳಿದ್ದು ಇರೋ ಕ್ಯಾಮೆರಾದಲ್ಲಿ ಏನು ತಪ್ಪು ಅಂತ. ಝಳ, ಗಾಳಿ, ದೂರ, ಸುಟ್ಟ ಬಿಳಿ, ಈ ನಾಲ್ಕಕ್ಕೂ ಮಿರರ್‌ಲೆಸ್ ಉತ್ತರ ಅಲ್ಲ ಮೇಡಂ.

ಮಿರರ್‌ಲೆಸ್_ಮೈಸೂರು
ಅದು ಸರಿ, ಒಪ್ಪಿದೆ. ಆದರೂ ತಗೊಳ್ಳೋರಿಗೆ ಒಂದು ಎಚ್ಚರಿಕೆ ಹೇಳಿಬಿಡ್ತೀನಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರನ್ನ ಮೇಲಿಂದ ಕೆಳಗೆ ಸಾಲುಸಾಲಾಗಿ ಓದುತ್ತೆ. ಓದೋದು ನಿಧಾನ ಇರೋ ಕ್ಯಾಮೆರಾಗಳಲ್ಲಿ ಅಷ್ಟರೊಳಗೆ ರೆಕ್ಕೆ ಸರಿದು, ಬಾಳೆಎಲೆ ಹಾಗೆ ಬಾಗಿ ಬರುತ್ತೆ. 1/3200 ಇಟ್ಟರೂ ಬಾಗುತ್ತೆ, ಯಾಕಂದರೆ ಅದು ಶಟರ್ ವೇಗದ ಪ್ರಶ್ನೆ ಅಲ್ಲ, ಓದೋ ವೇಗದ ಪ್ರಶ್ನೆ. ಅಂಥ ಕ್ಯಾಮೆರಾದಲ್ಲಿ ಸೂರಕ್ಕಿ, ಮಿಂಚುಳ್ಳಿಗೆ ಮೆಕ್ಯಾನಿಕಲ್ ಶಟರ್. ಕೂತ ಗೂಬೆಗೆ ಎಲೆಕ್ಟ್ರಾನಿಕ್ ಆಗುತ್ತೆ.

ನದಿರೀವ
ಯಾರಾದರೂ ಗಮನಿಸಿದ್ರಾ, ಗಂಡು-ಹೆಣ್ಣು ಅದಲುಬದಲಾಗಿದೆ. ಗಂಡಿಗೆ ಎದೆ ಮೇಲೆ ಎರಡು ಕಪ್ಪು ಪಟ್ಟಿ, ಹೆಣ್ಣಿಗೆ ಒಂದೇ, ಅದೂ ನಡುವೆ ತುಂಡಾಗಿರುತ್ತೆ. ನಿಮ್ಮ ಒಂದನೇದು ಹೆಣ್ಣು, ಎರಡನೇದು ಗಂಡು. ಮೂರನೇದರಲ್ಲಿ ಬೆನ್ನು ಮಾತ್ರ ಕಾಣ್ತಿರೋದರಿಂದ ಹೇಳೋಕಾಗಲ್ಲ.

ಕೆರೆಏರಿ
ತಿದ್ದಿಕೊಂಡೆ, ಥ್ಯಾಂಕ್ಸ್. ಲೆನ್ಸ್‌ನ ಸ್ಟೆಬಿಲೈಸೇಷನ್ ಆನ್ ಇರಬೇಕಾ ಆಫ್ ಮಾಡಬೇಕಾ?

ಹಾಲಕ್ಕಿ
1/2000 ದಾಟಿದ ಮೇಲೆ ಆಫ್. ಅದು ಕೈ ನಡುಕಕ್ಕೆ ಮಾತ್ರ, ಹಕ್ಕಿ ಚಲನೆಗೆ ಏನೂ ಮಾಡಲ್ಲ.

ಕೂರ್ಗಡೆ_ಕಾಫಿ
ಆಫ್ ಮಾಡಿದರೆ ವ್ಯೂಫೈಂಡರ್‌ನಲ್ಲಿ 600 ಎಂಎಂ ಕುಣಿಯುತ್ತೆ, ಹೊಸಬರಿಗೆ ಫೋಕಸ್ ಪಾಯಿಂಟನ್ನ ಹಕ್ಕಿ ಮೇಲೆ ನಿಲ್ಲಿಸೋಕೇ ಆಗಲ್ಲ. ನಿಂತಲ್ಲೇ ನಿಂತಿರೋ ಹಕ್ಕಿಗೆ ಆನ್ ಇರಲಿ. ಅಡ್ಡಡ್ಡ ಹಾರೋ ಹಕ್ಕಿಯನ್ನ ಹಿಂಬಾಲಿಸುವಾಗ ಪ್ಯಾನಿಂಗ್ ಮೋಡ್, ಅಂದರೆ ಹೆಚ್ಚಿನ ಲೆನ್ಸ್‌ಗಳಲ್ಲಿ ಮೋಡ್ 2.

ಟಿಟ್ಟಿಭ
ಇದಕ್ಕೆ ನಮ್ಮ ವಾದಕ್ಕಿಂತ 40 ಫೋಟೊ ಒಳ್ಳೆ ಉತ್ತರ ಕೊಡುತ್ತೆ. ಕೊಂಬೆ ಮೇಲಿನ ಒಂದು ಎಲೆಗೆ 20 ಆನ್‌ನಲ್ಲಿ, 20 ಆಫ್‌ನಲ್ಲಿ, ಶಟರ್ 1/2500. ಎಷ್ಟು ಶಾರ್ಪ್ ಬಂತು ಅಂತ ಎಣಿಸಿ. ಲೆನ್ಸಿನಿಂದ ಲೆನ್ಸಿಗೆ ಉತ್ತರ ಬೇರೆ.

ಕುಡ್ಲ_ಮಳೆ
ಎಲ್ರೂ ಸೆಟ್ಟಿಂಗ್ ಹೇಳ್ತಿದ್ದೀರಿ, ಲೆನ್ಸಿನ ಮೈ ಬಿಸಿ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿಂದ ಲೆನ್ಸ್ ತೆಗೆದು ತಂಪು ಗಾಳಿಗೆ ಹಿಡಿದ್ರೆ ಹುಡ್ಡಿನ ಒಳಗೇ ಝಳ ಹುಟ್ತದೆ. ದೂರದ ಹಕ್ಕಿ ಬಿಡಿ, ಹತ್ತು ಮೀಟರ್ ಹಕ್ಕಿಯೂ ಮೆತ್ತಗೆ ಬರ್ತದೆ. ಇಪ್ಪತ್ತು ನಿಮಿಷ ನೆರಳಲ್ಲಿ ಹೊರಗಿಟ್ಟು ಆಮೇಲೆ ತೆಗೀರಿ. ಎಸಿ ಕೋಣೆಯಿಂದ ನಮ್ಮ ಊರಿನ ಸೆಕೆಗೆ ತಂದ್ರೆ ಉಲ್ಟಾ, ಗಾಜಿನ ಮೇಲೆ ಹಬೆ ಕೂರ್ತದೆ. ಆಗ ಬ್ಯಾಗಿನ ಜಿಪ್ ತೆಗೀಬೇಡಿ, ಅರ್ಧ ಗಂಟೆ ಹಾಗೇ ಇಡಿ. ಒರೆಸಿದ್ರೆ ಪ್ರಯೋಜನ ಇಲ್ಲ, ಮತ್ತೆ ಕೂರ್ತದೆ.

ಸೋಮೇಶ್ವರ_ಹಾದಿ
ಮಳೆಗಾಲದಲ್ಲಿ ಲೆನ್ಸ್ ಎಲ್ಲಿಡ್ತೀರಿ? ಫಂಗಸ್ ಕಾಟ.

ಕುಡ್ಲ_ಮಳೆ
ಬ್ಯಾಗಲ್ಲಂತೂ ಬೇಡವೇ ಬೇಡ, ಸ್ಪಂಜು ತೇವ ಹಿಡ್ಕೊಳ್ತದೆ. ಡ್ರೈ ಕ್ಯಾಬಿನೆಟ್ ಇದ್ರೆ 40ರಿಂದ 50 ಶೇಕಡಾ ತೇವಕ್ಕೆ ಇಡಿ. ಇಲ್ಲದಿದ್ರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅರ್ಧ ಕೆಜಿ ಸಿಲಿಕಾ ಜೆಲ್, ಒಳಗೊಂದು ಸಣ್ಣ ತೇವಮಾಪಕ. ನೀಲಿ ಹರಳು ಗುಲಾಬಿ ಆದ್ರೆ ಮುಗೀತು, 120 ಡಿಗ್ರಿ ಓವನ್ನಲ್ಲಿ ಒಂದೆರಡು ಗಂಟೆ ಬಿಸಿ ಮಾಡಿ, ತಣಿದ ಮೇಲೆ ಹಾಕಿ. ಅಡುಗೆ ಮಾಡುವ ಓವನ್ನಲ್ಲಿ ಬೇಡ. ವಾರಕ್ಕೊಮ್ಮೆ ಲೆನ್ಸ್ ತೆಗೆದು ಬೆಳಕಿಗೆ ಹಿಡಿದು ನೋಡಿ, ಜೇಡರ ಬಲೆ ಹಾಗೆ ಎಳೆ ಕಂಡ್ರೆ ತಡ ಮಾಡದೆ ರಿಪೇರಿಗೆ ಕೊಡಿ.

ಪಿಕಳಾರ_ಪ್ರಿಯ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಹತ್ತಿರ 55-250 ಕಿಟ್ ಲೆನ್ಸ್ ಮಾತ್ರ ಇರೋದು. ಇದರಲ್ಲಿ ಹಕ್ಕಿ ಫೋಟೊ ಕಲಿಯೋಕಾಗುತ್ತಾ ಅಥವಾ ಸುಮ್ಮನೆ ಆಸೆನಾ?

ಸಾಧನಕೇರಿ_ದಂಡಿ
ಆಗತೈತ್ರಿ, ಮತ್ತ ಲೆಕ್ಕ ಮಾಡೂಣು. ಕೆಮ್ಮೀಸೆ ಪಿಕಳಾರ ಅಂದಾಜು 20 ಸೆಂ.ಮೀ. 250 ಎಂಎಂ, 5 ಮೀಟರ್ ದೂರ. ಸೆನ್ಸರ್ ಮ್ಯಾಲ 10 ಮಿ.ಮೀ ಬೀಳತೈತಿ, ಕ್ಯಾನನ್ ಕ್ರಾಪ್ ಸೆನ್ಸರ್ ಅಗಲ 22.3. ಅಂದ್ರ ಫ್ರೇಮಿನ ಅರ್ಧಕ್ಕ ಸ್ವಲ್ಪ ಕಡಿಮಿ ಹಕ್ಕಿನೇ ತುಂಬತೈತಿ. ಮ್ಯಾಲ ಕೆರೆಏರಿಯವರ 600ಕ್ಕಿಂತ ನಿಮ್ಮ ಹಕ್ಕಿ ದೊಡ್ಡದಾತು.

ಗದ್ದೆಬದು
ಅದಕ್ಕೆ ಮನೆ ಹಿತ್ತಲೋ ತಾರಸಿಯೋ ಸಾಕು. ಎರಡು ಇಂಚು ಆಳದ ಮಣ್ಣಿನ ತಟ್ಟೆಯಲ್ಲಿ ನೀರು, ಒಳಗೊಂದು ಕಲ್ಲು. ಬೆಕ್ಕು ಹೊಂಚು ಹಾಕೋಕಾಗದ ಎತ್ತರದಲ್ಲಿಡಿ. ನೀರು ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ. ತಟ್ಟೆಯಿಂದ ಒಂದು ಅಡಿ ದೂರದಲ್ಲಿ ಒಣ ಕೊಂಬೆ ನೆಡಿ, ಹಕ್ಕಿ ನೀರಿಗಿಳಿಯೋ ಮುಂಚೆ ಅಲ್ಲಿ ಕೂರುತ್ತೆ. ಕೊಂಬೆ ಹಿಂದಿನ ಗಿಡವೋ ಗೋಡೆಯೋ ಐದಾರು ಮೀಟರ್ ಹಿಂದಿರಲಿ, ಎಫ್ 5.6ಕ್ಕೂ ಹಿನ್ನೆಲೆ ಕರಗುತ್ತೆ. ಬಾಗಿಲ ಸಂದಿಯಿಂದ ತೆಗೀರಿ. ಒಂದೇ ಹಕ್ಕಿ, ಒಂದೇ ಕೊಂಬೆ, ಒಂದು ತಿಂಗಳು. ದಿನಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಿ, ಏನು ಬದಲಾಯ್ತು ಅಂತ ನೋಡಿ. ದಾಂಡೇಲಿಗೆ ಹೋಗಿ ಮಂಗಟ್ಟೆ ಮುಂದೆ ಬಟನ್ ತಡಕಾಡೋದಕ್ಕಿಂತ ಇದು ಎಷ್ಟೋ ಮೇಲು.

ಚಿನ್ನದಗಣಿ
ಹಾರೋ ಹಕ್ಕಿಗೆ ಅಭ್ಯಾಸ ಎಲ್ಲಿಂದ ಶುರು ಮಾಡೋದು? ಮಿಂಚುಳ್ಳಿ ಕಷ್ಟ ಅಲ್ವಾ?

ನದಿರೀವ
ಬೆಳ್ಳಕ್ಕಿ, ಗರುಡ, ಊರ ಹದ್ದು. ದೊಡ್ಡ ಮೈ, ನಿಧಾನದ ರೆಕ್ಕೆ, 1/1600 ಸಾಕು. ಅದಾದ ಮೇಲೆ ನದಿ ರೀವ. ಕವಲುತೋಕೆಯನ್ನ ಕೊನೆಗೆ ಇಟ್ಟುಕೊಳ್ಳಿ, ಅದು ಒಳ್ಳೊಳ್ಳೆಯವರ ಕೈಗೂ ಸಿಗಲ್ಲ. 600ರಲ್ಲಿ ಹಕ್ಕಿ ಹುಡುಕೋಕೆ ಆಗದಿದ್ದರೆ 300ಕ್ಕೆ ಇಳಿಸಿ ಹುಡುಕಿ, ಫೋಕಸ್ ಹಿಡಿದ ಮೇಲೆ ಜೂಮ್ ಮಾಡಿ. ಎರಡೂ ಕಣ್ಣು ತೆರೆದಿರಲಿ.

ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರು ಇನ್ನೊಂದು ತಪ್ಪು ಮಾಡ್ತಾರೆ, ಮೊಣಕೈಯನ್ನ ದೋಣಿ ಅಂಚಿಗೆ ಊರಿಬಿಡ್ತಾರೆ. ಹುಟ್ಟು ಹಾಕಿದ ಪ್ರತಿ ಸಲ ಆ ಅದುರು ನೇರ ಕ್ಯಾಮೆರಾಗೆ ಬರುತ್ತೆ. ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ, ಸೊಂಟದಿಂದ ಮೇಲೆ ಸಡಿಲ ಬಿಡಿ. ಕೂತ ಹಕ್ಕಿಗೂ 1/1250ಕ್ಕಿಂತ ಇಳಿಸಬೇಡಿ, ಯಾಕಂದರೆ ಅಲ್ಲಿ ಹಕ್ಕಿ ಕೂತಿದ್ದರೂ ನೀವು ಕೂತಿಲ್ಲ, ತೇಲ್ತಿದ್ದೀರಿ.

ಹೊಂಗೆನೆರಳು
ನಾನೂ ಒಂದು ಹಾಕ್ತಿದ್ದೀನಿ, ಅಭಿಪ್ರಾಯ ಹೇಳಿ. ಸೂರಕ್ಕಿ ಗೂಡಿಗೆ ಬಂದು ಮರಿಗೆ ಊಟ ಕೊಡೋದು. ಎಲೆ ಅಡ್ಡ ಇತ್ತು, ಎರಡು ಕೊಂಬೆ ಸರಿಸಿ ಕಟ್ಟಿದ ಮೇಲೆ ಚೆನ್ನಾಗಿ ಕಂಡಿತು.

ಟಿಟ್ಟಿಭ
ದಯವಿಟ್ಟು ಈ ಫೋಟೊ ಇಲ್ಲಿಂದ ಅಳಿಸಿಬಿಡಿ, ಆ ಕೊಂಬೆಗಳನ್ನ ಈಗಲೇ ಹೋಗಿ ಮೊದಲಿನ ಹಾಗೆ ಬಿಟ್ಟುಬಿಡಿ. ಆ ಎಲೆ ಅಡ್ಡ ಇದ್ದದ್ದು ಗೂಡಿಗೆ ನೆರಳು, ಮರೆ ಎರಡಕ್ಕೂ. ಈಗ ಬಿಸಿಲು ನೇರ ಗೂಡಿನ ಮೇಲೆ. ಕಾಗೆ, ಕೆಂಬೂತದ ಕಣ್ಣಿಗೂ ಗೂಡು ಬಯಲು. ನೀವು ಅಲ್ಲಿ ನಿಂತಷ್ಟು ಹೊತ್ತು ತಾಯಿ ಬಾಯಲ್ಲಿ ಹುಳ ಕಚ್ಚಿಕೊಂಡು ದೂರದಲ್ಲೇ ಕೂಗ್ತಿರುತ್ತೆ. ಅಷ್ಟು ಊಟ ಮರಿಗೆ ತಪ್ಪಿತು.

ಹೊಂಗೆನೆರಳು
ಇಷ್ಟೆಲ್ಲಾ ಆಗುತ್ತೆ ಅಂತ ತಿಳಿದಿರಲಿಲ್ಲ. ಫೋಟೊ ಅಳಿಸಿದ್ದೀನಿ. ಕೊಂಬೆ ಈಗಲೇ ಬಿಚ್ಚುತ್ತೀನಿ.

ಟಿಟ್ಟಿಭ
ತಕ್ಷಣ ಮಾಡಿದ್ದಕ್ಕೆ ತುಂಬಾ ಧನ್ಯವಾದ ಸಾರ್. ಬಿಚ್ಚಿ ಎರಡು ನಿಮಿಷದಲ್ಲಿ ಅಲ್ಲಿಂದ ಬಂದುಬಿಡಿ.

ಕುಶಾಲನಗರ_ನೋಟ
ಹಾಗಾದರೆ ಕೊಕ್ಕರೆ ಬೆಳ್ಳೂರು? ಅಲ್ಲಿ ಎಲ್ಲರೂ ಗೂಡಿನ ಫೋಟೊನೇ ತೆಗೀತಾರಲ್ಲ.

ಬೆಳ್ಳಕ್ಕಿ_ಸಾಲು
ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಜನರ ಮನೆ ಮಗ್ಗುಲ ಹುಣಸೆ ಮರದಲ್ಲೇ ತಲೆತಲಾಂತರದಿಂದ ಗೂಡು ಕಟ್ಟಿಕೊಂಡು ಬಂದಿವೆ. ಬೀದಿಯಲ್ಲಿ ಜನ, ಎತ್ತು, ಗಾಡಿ ಅವಕ್ಕೆ ರೂಢಿ. ಬೀದಿಯಿಂದ ಉದ್ದ ಲೆನ್ಸಲ್ಲಿ ತೆಗೆಯೋದು ಬೇರೆ. ಹಾರಿಸೋಕೆ ಚಪ್ಪಾಳೆ ತಟ್ಟೋದು, ತಾರಸಿ ಹತ್ತಿ ಗೂಡಿನ ಮಟ್ಟಕ್ಕೆ ಹೋಗೋದು, ಡ್ರೋನ್ ಬಿಡೋದು ಬೇರೆ. ಬೇಸಿಗೆ ಮಧ್ಯಾಹ್ನ ದೊಡ್ಡ ಹಕ್ಕಿ ರೆಕ್ಕೆ ಅಗಲಿಸಿ ಮರಿಗೆ ನೆರಳು ಮಾಡ್ತಾ ನಿಂತಿರುತ್ತೆ. ಅದನ್ನ ಎಬ್ಬಿಸಿದರೆ ಬರಿಮೈ ಮರಿ ಬಿಸಿಲಿಗೆ ಬೇಯುತ್ತೆ.

ಚಿನ್ನದಗಣಿ
ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯೋದು?

ಬೆಳ್ಳಕ್ಕಿ_ಸಾಲು
ಬೇಡ. ಅದು ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂದುಕೊಂಡು ಜಗಳಕ್ಕೆ ಬರುತ್ತೆ. ಕೂಗು ಕಲಿಯೋದಾದರೆ ಮನೆಯಲ್ಲಿ ಕೇಳಿ ಕಲಿತು, ಕಾಡಲ್ಲಿ ಕಿವಿ ಕೊಟ್ಟು ಹುಡುಕಿ.

ಕೆರೆಏರಿ
ಹೊಸ ನಾಲ್ಕು ಹಾಕಿದ್ದೀನಿ. ಹೊತ್ತು 7.40, ಪೂರ್ವದ ದಡ, ತೂಬಿನ ಕಲ್ಲಿಂದ ಸುಮಾರು 20 ಮೀಟರ್. ಮ್ಯಾನ್ಯುಯಲ್, 1/3200, ಎಫ್ 6.3, ಐಎಸ್‌ಒ 1000. ಫಿಲ್ಟರ್ ಇಲ್ಲ. ಒಂದು ಪಾಯಿಂಟ್ ಮತ್ತು ಸುತ್ತಲ ಗುಂಪು, ಹಿಂದಿನ ಬಟನ್. 112 ತೆಗೆದದ್ದರಲ್ಲಿ 31 ಶಾರ್ಪ್. ನಾಲ್ಕನೇದು ಯಾಕೆ ಹಾಗೆ ಅಂತ ಗೊತ್ತಾಗ್ತಿಲ್ಲ.

ಟಿಟ್ಟಿಭ
ಕಣ್ಣಿನ ಚುಕ್ಕೆ ಈಗ ಸೂಜಿಮೊನೆ! ಎರಡನೇದು ತುಂಬಾ ಚೆನ್ನಾಗಿದೆ, ಎದೆಯ ಬಿಳಿಯಲ್ಲಿ ಗರಿ ಒಂದೊಂದೂ ಎಣಿಸಬಹುದು. ತಲೆ ನಮ್ಮ ಕಡೆಗೆ ಚೂರು ತಿರುಗಿದೆ, ಅದು ಗಾಳಿ ಕೊಟ್ಟದ್ದು. ಎರಡು ಮಾತು. ಒಂದು, ಎಡಗಡೆ ರೆಕ್ಕೆ ತುದಿ ಫ್ರೇಮಿಗೆ ತಾಗ್ತಿದೆ. 20 ಮೀಟರಿಗೆ ಬಂದ ಮೇಲೆ 500ಕ್ಕೆ ಇಳಿಸಿ, ರೆಕ್ಕೆಗೆ ಜಾಗ ಕೊಡಿ. ಎರಡು, ಕ್ರಾಪಿನಲ್ಲಿ ಶಾರ್ಪನಿಂಗ್ ಜಾಸ್ತಿ ಎಳೆದಿದ್ದೀರಿ, ಕೊಕ್ಕಿನ ಸುತ್ತ ಬಿಳಿ ಗೆರೆ ಎದ್ದಿದೆ. ನಾಯ್ಸ್ ಮೊದಲು ತೆಗೆದು, ಅಳತೆ ಚಿಕ್ಕದು ಮಾಡಿ, ಕೊನೆಗೆ ಸ್ವಲ್ಪವೇ ಶಾರ್ಪನ್ ಮಾಡಿ. ಹಿನ್ನೆಲೆಗೆ ಶಾರ್ಪನಿಂಗ್ ಬೇಡ, ಅಲ್ಲಿ ನಾಯ್ಸ್ ಮಾತ್ರ ಏಳುತ್ತೆ.

ಸಾಧನಕೇರಿ_ದಂಡಿ
112ಕ್ಕ 31 ಅಂದ್ರ ಕೈಯಲ್ಲಿ ಹಿಡಿದು ತಗದವರಿಗೆ ಛಲೋನ ಐತ್ರಿ. ನಿಂತ ಹೊಡಿಯೂದಕ್ಕಿಂತ ಕುಂತು, ಮೊಣಕಾಲ ಮ್ಯಾಲ ಮೊಣಕೈ ಇಟ್ಟು ನೋಡ್ರಿ, ಲೆಕ್ಕ ಇನ್ನೂ ಏರತೈತಿ.

ಹಾಲಕ್ಕಿ
ನಾಲ್ಕನೇದರಲ್ಲಿ ಹಕ್ಕಿ ಕೆಳಗೆ ಧುಮುಕೋಕೆ ರೆಕ್ಕೆ ಮಡಿಸಿದೆ. ಆಗ ಅದು ಫೋಕಸ್ ಪಾಯಿಂಟಿಂದ ಒಂದೇ ಫ್ರೇಮಿನಲ್ಲಿ ಹೊರಗೆ ಹೋಗುತ್ತೆ, ನೀವು ಬಟನ್ ಒತ್ತಿಕೊಂಡೇ ಇದ್ದಿರಿ, ಕ್ಯಾಮೆರಾ ಹಿಂದಿನ ಜೊಂಡಿಗೆ ಹೋಯ್ತು. ಧುಮುಕೋದು ಬೇಕಿದ್ದರೆ ಮೇಲೆ ನಿಂತಾಗ ಫೋಕಸ್ ಹಿಡಿದು, ತಲೆ ಕೆಳಗಾದ ಕೂಡಲೇ ಹೆಬ್ಬೆರಳು ಬಿಡಿ, ಶಟರ್ ಮಾತ್ರ ಒತ್ತಿ ಕ್ಯಾಮೆರಾವನ್ನ ನೇರ ಕೆಳಗೆ ಇಳಿಸಿ. ಹೆಚ್ಚುಕಡಿಮೆ ನೇರ ಕೆಳಗೆ ಬೀಳೋದರಿಂದ ನಿಮ್ಮಿಂದ ಅದಕ್ಕಿರೋ ದೂರ ಅಷ್ಟಾಗಿ ಬದಲಾಗಲ್ಲ. 20 ಮೀಟರಿನಲ್ಲಿ ನಿಮಗಿರೋ ಆಳ 28 ಸೆಂ.ಮೀ, ಹಕ್ಕಿ ಉದ್ದದಷ್ಟೇ. ಎಫ್ 8 ಮಾಡಿಕೊಂಡರೆ 35 ಆಗುತ್ತೆ. ನೀರಿಗೆ ಬಿದ್ದ ಜಾಗದಲ್ಲೇ ಕ್ಯಾಮೆರಾ ನಿಲ್ಲಿಸಿ, ಮತ್ತೆ ಹೆಬ್ಬೆರಳು ಒತ್ತಿ. ಮೀನು ಹಿಡಿದು ಅಲ್ಲಿಂದಲೇ ಏಳುತ್ತೆ.

ಕೆರೆಏರಿ
ಎಫ್ 8ಕ್ಕೆ ಐಎಸ್‌ಒ 1600 ಆಗುತ್ತಲ್ಲ, ಪರವಾಗಿಲ್ವಾ?

ಹಾಲಕ್ಕಿ
ಪರವಾಗಿಲ್ಲ. ಬಿಸಿಲು ಏರಿ 8.30 ಆದರೆ 1000ಕ್ಕೇ ಇಳಿಸಬಹುದು. 9 ದಾಟಿದ ಮೇಲೆ ಎದ್ದುಬಿಡಿ, ಝಳ ಶುರುವಾಗುತ್ತೆ.